ವಾಲ್ಟ್ ತೋರಿಸಿದ ಗುಡ್ಡ

...ಬ್ಯಾಡ ಅಂದ್ರೆ ಬ್ಯಾಡ ಕನ್ಲಾ ಅನಿ, ಫೋಟೋ ಬೇಕಾದ್ರೆ ನಿನ್ ಹತ್ರ ಮಡಿಕ್ಕೋ, ಆದ್ರೆ ಆ ಜಾಗ ಎಲ್ಲೈತೆ ಅಂತ ಗುರ್ತು ಹಾಕಿ ಲೋಕಕ್ಕೆಲ್ಲ ಕಳಿಸ್ಬ್ಯಾಡ. "ಅಜ್ಜಿ, ಇಟ್ಸ್ ಜಸ್ಟ್ ಎ ಫಿಶಿಂಗ್ ಸ್ಪಾಟ್" ಅಂತೀಯಲ್ಲ, ಜಸ್ಟು ಗಿಸ್ಟು ನಂಗೂ ಗೊತ್ತು. ನಿಮ್ ತಾತ ಮೊದಲ್ನೇ ಸಲ ಮೀನಿಡಿಯಕ್ಕೆ ಕರ್ಕೊಂಡ್ ಹೋದ್ರೆ ನೀನು ಸಾಯಂಕಾಲ್ದೊಳಗೆ ಡಂಗುರ ಹೊಡಿಯಕ್ ನಿಂತಿದ್ದೀಯ. ತಪ್ಪು ನಿಂದಲ್ಲ ಬುಡು, ರಕ್ತದಾಗೇ ಬಂದೈತೆ. ನಿಮ್ ತಾತನೂ ಇಂಗೇ ಒಂದ್ಸಲ ಡಂಗುರ ಹೊಡ್ದು, ಈ ದೇಶದಾಗೆ ನಮ್ಗೆ ಅಂತ ಇದ್ದ ಒಬ್ಬನೇ ಒಬ್ಬ ಮನುಷ್ಯನ್ನ ಕಳ್ಕೊಳೋ ಹಂಗ್ ಮಾಡಿದ್ರು. ಕೂತ್ಕೋ ಇಲ್ಲಿ. ರಿಯಾ, ನೀನೂ ಬಾರವ್ವ, ಆ ಬೀನ್ಸ್ ತಟ್ಟೆ ಈ ಕಡೆ ತಳ್ಳು, ನಾರು ಬಿಡಿಸ್ತಾ ಕೇಳ್ಕೋ.

ಎಂಬತ್ತೈದೋ ಎಂಬತ್ತಾರೋ ಇರ್ಬೇಕು. ನಿಮ್ಮಪ್ಪ ಆಗ ಇನ್ನೂ ನನ್ ತೊಡೆ ಮೇಲಿದ್ದ. ಅಲ್ಲ ಅಲ್ಲ, ನಿಮ್ಮಪ್ಪ ಓಡಾಡ್ತಿದ್ದ, ತೊಡೆ ಮೇಲಿದ್ದೋಳು ನಿಮ್ಮ ಅತ್ತೆ. ಸಾಂಟಾ ಕ್ಲಾರಾದಾಗೆ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟು, ಎಲ್ ಕಮೀನೋ ರೋಡಿನ ಹಿಂದ್ಗಡೆ. ಈಗಿನ ಹಂಗೆ ಹೆಜ್ಜೆಗೊಂದು ಇಂಡಿಯನ್ ಅಂಗಡಿ ಇರ್ಲಿಲ್ಲ ಆಗ. ರಾಗಿಹಿಟ್ಟು ಬೇಕಂದ್ರೆ ಊರಿಂದ ಯಾರಾದ್ರೂ ಸೂಟ್‌ಕೇಸಿನಾಗೆ ತರ್ಬೇಕು, ತಂದಿದ್ದು ಮುಗಿಯೋ ಹೊತ್ಗೆ ಡಬ್ಬಿ ತಳ ಕೆರ್ದು ಕೆರ್ದು ಗಂಜಿ ಮಾಡೋದು. ಅಂಥಾ ಹೊತ್ನಾಗೆ ನಿಮ್ ತಾತನ ಕೆಲ್ಸ ಹೋಯ್ತು. ಚಿಪ್ಪು ಮಾಡೋ ಕಂಪ್ನಿ, ಒಂದಿನ ಬೆಳಗ್ಗೆ ಎಲ್ರನ್ನೂ ಕ್ಯಾಂಟೀನಿಗೆ ಕರ್ದು, ಅರ್ಧ ಜನ್ರಿಗೆ ಲೇಆಫು ಅಂದ್ಬುಟ್ರು. ಮನೇಗ್ ಬಂದು ಶೂನೂ ಬಿಚ್ದೆ ಸೋಫಾ ಮೇಲೆ ಕೂತ್ರು ನಿಮ್ ತಾತ, ಆವತ್ತಿಂದ ಆ ಸೋಫಾನೇ ಅವ್ರ ಆಫೀಸು. ನಾನು ಬೋರ್ಡಿಗೆ ಸಾಲ್ಡರ್ ಹಾಕೋ ಕೆಲ್ಸಕ್ ಹೋಯ್ತಿದ್ದೆ. ಬಗ್ಗಿ ಬಗ್ಗಿ ಕತ್ತು ನೋವು, ಹೊಗೆಗೆ ಕಣ್ಣುರಿ, ಮನೇಗ್ ಬಂದ್ರೆ ಮಕ್ಳಿಗೆ ಅನ್ನ ಕಲ್ಸಿ ತಿನ್ನಿಸ್ತಾ ಕೂತಿರೋ ಗಂಡ. ಆ ಕಾಲ್ದಾಗೆ ಗಂಡಸ್ರಿಗೆ ಅದು ಎಂಥಾ ಅವಮಾನ ಅಂತ ನಿಮ್ಗೆ ಹೇಳಿದ್ರೂ ತಿಳಿಯಲ್ಲ. ನಾನು ಬಯ್ಯಕ್ಕೂ ಹೋಗ್ಲಿಲ್ಲ, ಸಮಾಧಾನ ಹೇಳಕ್ಕೂ ಹೋಗ್ಲಿಲ್ಲ. ಅನ್ನ ಚೆನ್ನಾಗ್ ಕಲ್ಸಿದ್ದೀರ ಅಂತಿದ್ದೆ, ಅಷ್ಟೇಯ.

ನಮ್ ಪೈಕಿಯೋರು ಮೊದಮೊದ್ಲು ಬಂದ್ರು, ಮಾತಾಡ್ಸಿದ್ರು. ಆಮೇಲೆ ಕೆಲ್ಸ ಇಲ್ದೋನ ಮನೇಗೆ ಬಂದು ಏನ್ ಮಾತಾಡೋದು ಅಂತ ಅವ್ರಿಗೂ ಮುಜುಗರ, ನಿಂತೋಯ್ತು. ಬರ್ತಿದ್ದೋನು ವಾಲ್ಟ್ ಒಬ್ನೇಯ. ವಾಲ್ಟ್ ಅಂದ್ರೆ ನಿಮ್ ತಾತನ ಕಂಪ್ನಿಯಾಗೆ ಮೆಷೀನು ರಿಪೇರಿ ನೋಡ್ಕೋತಿದ್ದ ಅಮೇರಿಕದೋನು, ನಿಮ್ ತಾತಂಗಿಂತ ಬಾಳ ದೊಡ್ಡೋನು, ಒಬ್ಬಂಟಿ. ವಯಸ್ಸಿಗೆ ಬಹುವಚನ ಕೊಡ್ಬೇಕು, ಆದ್ರೆ ನನ್ ಬಾಯಿಗೆ ಅವನು ಅಂತ್ಲೇ ಬರ್ತದೆ, ಪ್ರೀತಿಗೆ. ಅವಂದೂ ಅದೇ ದಿನ ಕೆಲ್ಸ ಹೋಗಿತ್ತು. ಲಾಸ್ ಗ್ಯಾಟೋಸ್‌ನಾಗೆ ಗುಡ್ಡದ ಬುಡದಾಗೆ ಒಂದು ಹಳೇ ಮರದ ಮನೆ ಅವಂದು. ಅಲ್ಲಿಂದ ವಾರವಾರ ಲಡಾಸು ಟ್ರಕ್ಕಿನಾಗೆ ಬರೋನು, ಹಿತ್ಲ ನಿಂಬೇಹಣ್ಣೋ ಕುಂಬಳಕಾಯೋ ಕೈಯಾಗೆ. "ರಾಜ್, ಬಾ, ಟ್ರಕ್ಕು ಸೌಂಡ್ ಮಾಡ್ತೈತೆ, ಒಸಿ ನೋಡು" ಅನ್ನೋನು. ಟ್ರಕ್ಕಿಗೆ ಏನೂ ಆಗಿರ್ತಿರ್ಲಿಲ್ಲ ಅಂತ ನಂಗನ್ನಿಸ್ತದೆ. ಇಬ್ರೂ ಬಾನೆಟ್ ಎತ್ಕೊಂಡು ಮಧ್ಯಾಹ್ನದ ಗಂಟ ಅದ್ರೊಳಗೆ ತಲೆ ಹಾಕಿರೋರು. ಆ ಹೊತ್ನಾಗೆ ಮಾತ್ರ ನಿಮ್ ತಾತನ ನಗು ನಂಗೆ ಕಿಟಕಿಯಿಂದ ಕೇಳ್ಸೋದು. ಆ ನಗು ಕೇಳಕ್ಕೆ ಅಂತ್ಲೇ ನಾನು ಅವಂಗೆ ಕಾಫಿ ಮಾಡ್ಕೊಡ್ತಿದ್ದೆ, ಸಕ್ರೆ ಜಾಸ್ತಿ ಹಾಕಿ.

ಇಂಗಿರೋವಾಗ ಊರಿಂದ ಸುದ್ದಿ ಬಂತು. ನಮ್ ಮಾವ, ನಿಮ್ ತಾತನ ಅಪ್ಪ, ಹೋಗ್ಬುಟ್ರು ಅಂತ. ಒಬ್ನೇ ಮಗ. ಹೋಗೋ ಹಂಗಿಲ್ಲ. ಗ್ರೀನ್ ಕಾರ್ಡಿನ ಪೇಪರು ಇನ್ನೂ ಸರ್ಕಾರದ ಆಫೀಸಿನಾಗಿದ್ವು, ಈಗ ದೇಶ ಬಿಟ್ರೆ ವಾಪಸ್ ಬಿಡಲ್ಲ ಅಂದ ಲಾಯರು. ಮಣ್ಣಿಗೂ ಹೋಗ್ಲಿಲ್ಲ, ತಿಥಿಗೂ ಹೋಗ್ಲಿಲ್ಲ. ಬಾತ್‌ರೂಮಿನಾಗೆ ನಲ್ಲಿ ಬಿಟ್ಕೊಂಡು ಅತ್ರು ನಿಮ್ ತಾತ, ನಂಗೆ ಕೇಳ್ಬಾರ್ದು ಅಂತ. ನಾನೂ ಕೇಳಿಲ್ಲ ಅನ್ನೋ ಹಂಗೇ ಇದ್ದೆ. ನಮ್ ಮಾವ ಅಂದ್ರೆ ಸಾಮಾನ್ಯ ಆಳಲ್ಲ. ಮದ್ದೂರು ಕಡೆ ಯುಗಾದಿ ಮಾರ್ನೇ ದಿನ, ಹೊಸತೊಡಕು ಅಂತೀವಲ್ಲ, ಆವತ್ತು ಊರಿಗೂರೇ ಬೇಟೆಗೆ ಹೋಗೋದು, ನಮ್ ಮಾವನೇ ಮುಂದಾಳು. ಹಿಂದಿನ ದಿನವೇ ತಮಟೆ ಹೊಡ್ಸಿ ನಾಳೆ ಇಂಥಾ ಗುಡ್ಡಕ್ಕೆ ಅಂತ ಸಾರ್ಸೋರು. ಯಾರ್ಗೂ ಹೇಳ್ದೆ ಒಬ್ನೇ ಹೋದ್ರೆ ಅವನು ಬೇಟೆಗಾರನಲ್ಲ, ಕಳ್ಳ. ಸಿಕ್ಕಿದ್ದನ್ನ ಮನೆಮನೆಗೂ ಪಾಲು ಹಾಕೋದು, ಹೋಗದೇ ಇದ್ದ ಮುದುಕ್ರಿಗೂ ಪಾಲು, ದಾರೀಲಿ ಬಂದು ನಿಂತೋನಿಗೂ ಪಾಲು, ಓಡಿದ ನಾಯಿಗೂ ಪಾಲು. ಮಾವಂಗೆ ಎಲ್ಲಾದಕ್ಕಿಂತ ಗೌಜಲಹಕ್ಕಿ ಸಾರು ಅಂದ್ರೆ ಪ್ರಾಣ. ಗೌಜಲು ಅಂದ್ರೆ ಕೋಳಿಗಿಂತ ಚಿಕ್ದು ಕನವ್ವ, ಬೇಲಿ ಸಾಲ್ನಾಗೆ ಓಡಾಡ್ತದೆ. ಮುದ್ದೆ, ಗೌಜಲು ಸಾರು, ಇಷ್ಟಿದ್ರೆ ಮಾವ ಇನ್ನೊಂದು ಮಾತು ಆಡ್ತಿರ್ಲಿಲ್ಲ.

ಸೆಪ್ಟೆಂಬರ್ ಬಂತು, ಪಿತೃಪಕ್ಷ ಬಂತು. ಮಾಲಯ ಅಮಾಸೆಗೆ ಹಿರೇರಿಗೆ ಎಡೆ ಇಡ್ಬೇಕಲ್ಲ, ತೀರ್ಕೊಂಡೋರಿಗೆ ಏನು ಇಷ್ಟವೋ ಅದನ್ನ ಮಾಡಿ ಎಲೆ ತುಂಬಾ ಬಡಿಸೋದು. ಮಾವಂಗೆ ಮೊದಲ್ನೇ ಎಡೆ. "ಗೌಜಲು ಇಡ್ಬೇಕು ಕನೇ" ಅಂದ್ರು ನಿಮ್ ತಾತ, ಸೋಫಾದಿಂದ. ನಾನಂದೆ, ಗ್ರೋಸರಿಯಾಗೆ ಕೋಳಿ ಐತೆ, ಮಾವ ಬೇಜಾರ್ ಮಾಡ್ಕೊಳಲ್ಲ ಬುಡ್ರಿ. ನಿಮ್ ತಾತ ಗೋಡೆ ನೋಡ್ತಾ ಅಂದ್ರು, "ಹೆಗಲು ಕೊಡ್ಲಿಲ್ಲ, ಮಣ್ಣು ಹಾಕ್ಲಿಲ್ಲ, ಒಂದ್ ಹಕ್ಕಿನೂ ಕೊಡ್ಲಿಲ್ಲ ಅಂದ್ರೆ ನಾನೇನ್ ಮಗ?" ಆ ವಾರ ವಾಲ್ಟ್ ಬಂದಾಗ ನಾನೇ ಕೇಳ್ದೆ, ನನ್ನ ಹರಕು ಇಂಗ್ಲೀಷಿನಾಗೆ, ಇಂಗಿಂಗೆ ಕಾಡುಹಕ್ಕಿ ಎಲ್ಲಾದ್ರೂ ಸಿಕ್ತದಾ ಅಂತ. ಗ್ರೌಸ್ ಅಂತ ಒಂದು ಹಕ್ಕಿ ಐತೆ, ಸಿಯೆರ್ರಾ ಬೆಟ್ಟದ ಮೇಲೆ, ಈಗ್ಲೇ ಸೀಸನ್ನು, ಪ್ರತಿ ವರ್ಷ ಹೋಯ್ತೀನಿ ಅಂದ. ನಿಮ್ ತಾತ ಸೋಫಾದಿಂದ ಎದ್ದೇಬುಟ್ರು! "ಎಲ್ಲಿ? ಯಾವ ಕಡೆ?" ವಾಲ್ಟ್ ನಕ್ಕ. "ರಾಜ್, ಅದೊಂದು ಕೇಳ್ಬೇಡ. ನಮ್ ಅಕ್ಕನ ಮಗಂಗೂ ಹೇಳಿಲ್ಲ" ಅಂದ. ನಂಗೆ ರೇಗೋಯ್ತು. ಬೆಟ್ಟದ ಜಾಗ ಹೇಳಕ್ಕೆ ಇವ್ನದೇನ್ ಗಂಟು ಹೋಯ್ತದೆ ಅಂತ. ಆದ್ರೂ ಎಡೆ ಅಂದ್ರೇನು, ಯಾಕೆ, ಯಾರಿಗೆ, ಎಲ್ಲಾನೂ ಬಿಡಿಸಿ ಹೇಳ್ದೆ. ಕೇಳ್ತಾ ಕೇಳ್ತಾ ಆ ನಗು ಹೋಯ್ತು ಅವ್ನ ಮುಖದಿಂದ. ಕಾಫಿ ಕಪ್ಪು ಕೆಳಗಿಟ್ಟು ಹೊರಟ. ಬಾಗ್ಲಾಗೆ ನಿಂತು ತಿರುಗಿ, "ಶನಿವಾರ ಬೆಳಗಿನ ಜಾವಕ್ಕೆ ರೆಡಿ ಇರು, ದಪ್ಪ ಸ್ವೆಟರ್ ಹಾಕ್ಕೋ" ಅಂದ. ಅಷ್ಟೇಯ.

ಶನಿವಾರ ಹೋದ್ರು, ರಾತ್ರಿ ಊಟದೊತ್ಗೆ ಬಂದ್ರು, ವಾಲ್ಟ್ ಹೊಡ್ದಿದ್ದ ಎರಡು ಹಕ್ಕಿ, ಎರಡೂ ನಮ್ಗೇ ಕೊಟ್ಬುಟ್ಟ. ಬೂದಿ ಬಣ್ಣ, ಗೌಜಲಿಗಿಂತ ಎಷ್ಟೋ ದಪ್ಪ. ಪುಕ್ಕ ಕಿತ್ತು ಕುಯ್ದ್ರೆ ಅದ್ರ ಹೊಟ್ಟೆ ಚೀಲದ ತುಂಬಾ ಪೈನು ಮರದ ಎಲೆ, ಅಡಿಗೆಮನೆ ಎಲ್ಲಾ ಕಾಡಿನ ವಾಸ್ನೆ. ಕಾಯಿ, ಕೊತ್ತಂಬ್ರಿ, ಚಕ್ಕೆ ಲವಂಗ ರುಬ್ಬಿ ಸಾರು ಮಾಡ್ದೆ. ಡಬ್ಬಿ ತಳದ ರಾಗಿಹಿಟ್ಟಿಗೆ ಮೈದಾ ಬೆರೆಸಿ ಮುದ್ದೆ ಕಟ್ದೆ, ಮಾವ ಕ್ಷಮಿಸ್ಲಿ. ಎಡೆ ಇಟ್ಟ ಮೇಲೆ ನಮ್ ಪೈಕಿಯೋರ್ನೆಲ್ಲ ಕರ್ದಿದ್ವಿ, ಮಂಡ್ಯದೋರು, ಹಾಸನದೋರು. ಅಷ್ಟು ಜನ್ರಿಗೆ ಆ ಎರಡು ಹಕ್ಕಿ ಏನ್ ಬಂತು, ಒಂದೊಂದು ಚೂರು, ಮಿಕ್ಕಿದ್ದು ಕೋಳಿ. ಆದ್ರೆ ಆ ಚೂರು ಬಾಯಿಗಿಟ್ಟು ತಿಮ್ಮೇಗೌಡ್ರು, ಹಾಸನದೋರು, ಈಗ ಮಿಲ್ಪಿಟಾಸ್‌ನಾಗಿದ್ದಾರಲ್ಲ ಅವ್ರು, "ರಾಜಣ್ಣ, ಎಲ್ಲಿ ಸಿಕ್ತಣ್ಣ ಇದು?" ಅಂದ್ರು ನೋಡು. ಶುರು ಹಚ್ಕೊಂಡ್ರು ನಿಮ್ ತಾತ! ಯಾವ ಫ್ರೀವೇ, ಎಲ್ಲಿ ಇಳೀಬೇಕು, ಮಣ್ಣಿನ ರೋಡು ಎಲ್ಲಿ ಎಡಕ್ಕೆ ತಿರುಗ್ತದೆ, ಯಾವ ಬಂಡೆ ಹತ್ರ ಕಾರು ನಿಲ್ಲಿಸ್ಬೇಕು, ಬಿದ್ದ ಮರದ ಪಕ್ಕ ಹೆಂಗೆ ಹತ್ಬೇಕು. ತಿಂಗಳುಗಟ್ಲೆ ಬಾಯಿ ಬಿಡ್ದೋರು ಆವತ್ತು ಕೈಯಾಡಿಸ್ಕೊಂಡು ಮಾತಾಡಿದ್ದೇ ಮಾತಾಡಿದ್ದು. ಅವ್ರಪ್ಪ ಊರ್ ಮುಂದೆ ನಿಂತು ನಾಳೆ ಇಂಥಾ ಗುಡ್ಡಕ್ಕೆ ಅಂದ ಹಂಗೇ ಇತ್ತು. ನಂಗೆ ಎಷ್ಟ್ ಸಂತೋಷ ಆಯ್ತು ಅಂದ್ರೆ, ಕಣ್ಣಾಗೆ ನೀರೇ ಬಂತು ಕನವ್ವ. ವಾಲ್ಟ್ ಗುಟ್ಟಾಗಿಡು ಅಂತ ಹೇಳಿರ್ಲಿಲ್ಲ. ಅವ್ರ ಪೈಕಿ ಅದನ್ನ ಬಾಯಿ ಬಿಟ್ಟು ಹೇಳೋ ಪದ್ಧತಿ ಇಲ್ಲ, ತಾನಾಗೇ ತಿಳೀಬೇಕು. ನಮ್ ಪೈಕಿ ಮುಚ್ಚಿಡೋ ಪದ್ಧತಿ ಇಲ್ಲ, ಮುಚ್ಚಿಟ್ರೆ ಕಳ್ಳ. ಎರಡೂ ಸೇರಿ ಆಗಿದ್ದು ಇದು.

ಮುಂದಿನ ಶನಿವಾರ ಹೊರಟ್ವು ನೋಡಪ್ಪ ಮೂರು ಕಾರು! ನಿಮ್ ತಾತ ಹೋಗ್ಲಿಲ್ಲ, ಅವ್ರಿಗೆ ಆವತ್ತು ಒಂದು ಇಂಟರ್‌ವ್ಯೂ ಇತ್ತು. ಇಂಟರ್‌ವ್ಯೂ ಶನಿವಾರ ಇರ್ತದಾ ಅಂತ ಕೇಳ್ಬೇಡ, ಇತ್ತು, ಸಣ್ಣ ವರ್ಕ್‌ಶಾಪು. ಹೋದೋರ ಪೈಕಿ ಒಬ್ರ ಹತ್ರ ಲೈಸೆನ್ಸೂ ಕೋವಿನೂ, ಮಿಕ್ಕೋರ ಹತ್ರ ಬರೀ ಬಾಯಿ. ಅದೇ ಸಾಕಿತ್ತು. ಊರಿನ ಬೇಟೆಯಾಗೆ ಸೋವು ಅಂತ ಮಾಡ್ತೀವಿ, ಸಾಲಾಗಿ ನಿಂತು ಕೂಗ್ತಾ ತಟ್ಟೆ ಬಡೀತಾ ಗುಡ್ಡ ಹತ್ತೋದು, ಇರೋ ಬರೋ ಪ್ರಾಣಿ ಎಲ್ಲಾ ಎದ್ದು ಓಡಿ ಆ ಕಡೆ ಕೋವಿ ಇಟ್ಕೊಂಡಿರೋನ ಮುಂದೆ ಬರ್ತವೆ. ಸಿಯೆರ್ರಾದಾಗೆ ಸೋವು ಹೊಡ್ದ್ರು ಕನ್ಲಾ ನಮ್ ಗೌಡ್ರು! ಸ್ಟೀಲ್ ತಟ್ಟೆ ಬಡ್ಕೊಂಡು, "ಹೋ ಹೋಯ್" ಅಂತ! ಇಂಜಿನಿಯರ್‌ಗಳು ಎಲ್ರೂ! ಗ್ರೌಸ್ ಅನ್ನೋ ಹಕ್ಕಿ ಮರದ ಮೇಲಿಂದ ಎದ್ದು ಯಾವ ಕಣಿವೆಗೆ ಹೋಯ್ತೋ, ಒಂದು ಪುಕ್ಕನೂ ಸಿಕ್ಕಿಲ್ಲ. ಸರಿ, ಬಂಡೆ ಮೇಲೆ ಚಿತ್ರಾನ್ನ ಬಿಚ್ಚಿ ಕೂತವ್ರೆ, ಅಷ್ಟೊತ್ಗೆ ಕೆಳಗಿಂದ ಒಬ್ಬ ಮುದುಕ ಕೋವಿ ಹೆಗಲಿಗಾಕ್ಕೊಂಡು ನಿಧಾನಕ್ಕೆ ಹತ್ತಿ ಬಂದ. ವಾಲ್ಟ್. ಇವ್ರಿಗೆ ಅವನು ಯಾರು ಅಂತ ಗೊತ್ತಿಲ್ಲ. ದಾರೀಲಿ ಬಂದೋನಿಗೂ ಪಾಲು ಅಲ್ವಾ, ತಿಮ್ಮೇಗೌಡ್ರು ಎದ್ದು ತಟ್ಟೆಗೆ ಚಿತ್ರಾನ್ನ ಹಾಕಿ, "ಕಮ್ ಸರ್, ಈಟ್ ಸರ್, ಅವರ್ ಫ್ರೆಂಡ್ ರಾಜ್ ಟೋಲ್ಡ್ ಅಸ್ ದಿಸ್ ಪ್ಲೇಸ್" ಅಂದ್ರಂತೆ. ವಾಲ್ಟ್ ತಟ್ಟೆ ಇಸ್ಕೊಂಡ್ನಂತೆ, ಒಂದು ತುತ್ತು ತಿಂದ್ನಂತೆ, ಥ್ಯಾಂಕ್ಸ್ ಅಂತ ತಟ್ಟೆ ಬಂಡೆ ಮೇಲಿಟ್ಟು ಬಂದ ದಾರೀಲೇ ಇಳ್ದು ಹೋದ್ನಂತೆ.

ಆ ವಾರ ಟ್ರಕ್ಕು ಬರ್ಲಿಲ್ಲ. ಮುಂದಿನ ವಾರನೂ ಬರ್ಲಿಲ್ಲ. ನಿಮ್ ತಾತ ಫೋನ್ ಮಾಡಿದ್ರೆ "ಬ್ಯುಸಿ ರಾಜ್" ಅನ್ನೋದು, ಇಟ್ಬುಡೋದು. ಕೆಲ್ಸ ಇಲ್ದೋನು ಎಂಥಾ ಬ್ಯುಸಿ? ಮೊದ್ಲು ನಿಮ್ ತಾತ ಕೂಗಾಡಿದ್ರು, "ಗುಡ್ಡ ಏನು ಅವ್ರಪ್ಪಂದಾ? ಸರ್ಕಾರದ ಕಾಡು! ಹಕ್ಕಿ ಏನು ಅವ್ನು ಸಾಕಿದ್ದಾ? ನಮ್ಮಪ್ಪ ಯಾವತ್ತಾದ್ರೂ ಜಾಗ ಬಚ್ಚಿಟ್ಟಿದ್ರಾ?" ತಿಮ್ಮೇಗೌಡ್ರೂ ಹಾಡಿಗೆ ತಾಳ ಹಾಕಿದ್ರು, "ಅಲ್ವೇ ಮತ್ತೆ ರಾಜಣ್ಣ, ಒಬ್ನೇ ತಿಂದೋನು ಉದ್ಧಾರ ಆಗಲ್ಲ." ನಾನಂದೆ, ಒಬ್ನೇ ಎಲ್ರಿ ತಿಂದ, ಹೊಡ್ದಿದ್ದು ಎರಡನ್ನೂ ನಿಮ್ಮಪ್ಪಂಗೇ ಕೊಟ್ನಲ್ಲ! ಆಮೇಲೆ ಕೂಗಾಟ ನಿಲ್ತು. ಅದು ಇನ್ನೂ ಕಷ್ಟ. ವಾಲ್ಟ್ ಬರ್ತಿದ್ದ ದಿನ ಬಂತು ಅಂದ್ರೆ ಕಿಟಕಿ ಹತ್ರ ಹೋಗೋದು, ರೋಡ್ ನೋಡೋದು, ಬರೋದು. ಅಪ್ಪನ್ನ ಕಳ್ಕೊಂಡಿದ್ದಾಯ್ತು, ಕೆಲ್ಸ ಕಳ್ಕೊಂಡಿದ್ದಾಯ್ತು, ಈಗ ಇವನೂ ಹೋದ್ರೆ ಈ ಮನುಷ್ಯ ಎದ್ದು ನಿಲ್ಲಲ್ಲ ಅನ್ನಿಸ್ಬುಡ್ತು ನಂಗೆ. ಹೆದ್ರಿಕೆ ಆಯ್ತು, ನಿಜ ಹೇಳ್ತೀನಿ.

ಒಳಗಿಂದ ಕೆಮ್ತಾವ್ರೆ ನೋಡು ನಿಮ್ ತಾತ. ಕೇಳಿಸ್ಕತಾವ್ರೆ ಎಲ್ಲಾನೂ. ಕೇಳ್ಲಿ! ಸುಳ್ಳಾ ಹೇಳ್ತಿದ್ದೀನಿ?

ಒಂದ್ ಭಾನುವಾರ ನಾನೇ ಫೋನ್ ಎತ್ತಿ ಸೋವು ಹೊಡ್ದೋರ್ನೆಲ್ಲ ಕರ್ಸಿದೆ. ಊರಾಗೆ ಬೇಟೆ ಕೆಡಿಸ್ದೋನು ಏನ್ ಮಾಡ್ಬೇಕು ಅಂದೆ. ತಪ್ಪು ಕಾಣಿಕೆ ಕೊಡ್ಬೇಕು ಅಲ್ವಾ, ಎಲೆ ಅಡಿಕೆ ಕಾಯಿ ಹಿಡ್ಕೊಂಡು ಅವ್ರ ಬಾಗ್ಲಿಗೆ ಹೋಗ್ಬೇಕು ಅಲ್ವಾ, ನಡೀರಿ ಮತ್ತೆ. "ಅಕ್ಕ, ಅವ್ರಿಗೆ ಇದೆಲ್ಲ ಏನ್ ಅರ್ಥ ಆಯ್ತದೆ?" ಅಂದ್ರು ತಿಮ್ಮೇಗೌಡ್ರು. ಅವಂಗೆ ಅರ್ಥ ಆಗದಿದ್ರೆ ಬ್ಯಾಡ, ನಿಮ್ಗಾಯ್ತದಲ್ಲ ಅಂದೆ. ಹೋದ್ವಿ ಲಾಸ್ ಗ್ಯಾಟೋಸ್‌ಗೆ. ವಾಲ್ಟ್ ಬಾಗ್ಲು ತೆಗ್ದ್ರೆ ಮೆಟ್ಲು ತುಂಬಾ ಗೌಡ್ರು, ಮುಂದ್ಗಡೆ ಸ್ಟೀಲ್ ತಟ್ಟೆಯಾಗೆ ತೆಂಗಿನಕಾಯಿ ಹಿಡ್ಕೊಂಡು ನಿಮ್ ತಾತ. "ವಾಲ್ಟ್, ನೀನು ನಮ್ಮಪ್ಪನ್ನ ನೋಡಕ್ಕೆ ಕರ್ಕೊಂಡ್ ಹೋದ ಹಂಗೆ ಕರ್ಕೊಂಡ್ ಹೋದೆ. ನಾನು ಸಂತೆಗೆ ದಾರಿ ಹೇಳ್ದ ಹಂಗೆ ಹೇಳ್ಬುಟ್ಟೆ" ಅಂದ್ರು. ಇಂಗ್ಲೀಷಿನಾಗೆ ಹೆಂಗಂದ್ರೋ, ಅರ್ಥ ಇದೇಯ.

ವಾಲ್ಟ್ ಕಾಯಿ ಇಸ್ಕೊಂಡು ಮೆಟ್ಲ ಮೇಲೇ ಕೂತ್ಕೊಂಡ. ಆಮೇಲೆ ಹೇಳ್ದ. ಅವಂಗೊಬ್ಬ ತಮ್ಮ ಇದ್ದ, ಡ್ಯಾನಿ ಅಂತ. ಸಾಂಟಾ ಕ್ಲಾರಾ ಎಲ್ಲಾ ಹಣ್ಣಿನ ತೋಟ ಆಗಿದ್ದ ಕಾಲ, ಇವ್ರದ್ದೂ ಏಪ್ರಿಕಾಟ್ ತೋಟ. ಅಣ್ಣ ತಮ್ಮ ಇಬ್ರೇ ಸುತ್ತಾಡ್ತಾ ಆ ಗುಡ್ಡ ಕಂಡ್ಕೊಂಡಿದ್ದು. ತಮ್ಮ ಯುದ್ಧಕ್ಕೆ ಹೋಗೋವಾಗ, "ನಾನು ಬರೋಗಂಟ ಆ ಜಾಗ ಯಾರ್ಗೂ ಹೇಳ್ಬೇಡ ಕಣೋ" ಅಂದಿದ್ನಂತೆ. ಅವನು ಬರ್ಲಿಲ್ಲ. "ಬರೋಗಂಟ ಅಂದಿದ್ದ, ಅದಕ್ಕೇ ಹೇಳ್ಲಿಲ್ಲ. ಆವತ್ತು ನಿನ್ನ ಹೆಂಡ್ತಿ ನಿಮ್ಮಪ್ಪನ ಊಟದ ವಿಷ್ಯ ಹೇಳಿದ್ಲಲ್ಲ, ಡ್ಯಾನಿ ಇದಕ್ಕೆ ಬೇಡ ಅನ್ನಲ್ಲ ಅನ್ನಿಸ್ತು" ಅಂದ. ಸೋವು ಹೊಡ್ದ ಗೌಡ್ರೆಲ್ಲ ತಲೆ ಬಗ್ಗಿಸ್ಕೊಂಡು ನಿಂತ್ರು. ತಿಮ್ಮೇಗೌಡ್ರು ಗೋಡೆ ಕಡೆ ತಿರುಗ್ಕೊಂಡು ಮೂಗು ಒರೆಸ್ಕೋತಾವ್ರೆ. ಇಷ್ಟ್ ವರ್ಷ ಆ ತಮ್ಮಂಗೆ ಒಂದು ಎಲೆ ಹಾಕೋರಿಲ್ವಲ್ಲ ಶಿವನೇ ಅನ್ನಿಸ್ತು ನಂಗೆ. ಅಲ್ಲೇ ಅಂದ್ಬುಟ್ಟೆ, "ಬರೋ ವರ್ಷ ನಮ್ ಮನೇಗೆ ಬಾ. ಮಾವನ ಪಕ್ಕದಾಗೆ ನಿನ್ ತಮ್ಮಂಗೂ ಎಡೆ ಇಡಾಣ." ಅವನು ನಿಮ್ ತಾತನ ಮುಖ ನೋಡ್ದ. ನಿಮ್ ತಾತ, "ಅಪ್ಪ ಒಬ್ರೇ ಉಣ್ಣೋರಲ್ಲ, ಜೊತೆಗೆ ಜನ ಬೇಕು ಅವ್ರಿಗೆ" ಅಂದ್ರು.

ಆ ವರ್ಷ್ದಾಗೇ ವರ್ಕ್‌ಶಾಪಿನ ಕೆಲ್ಸ ಸಿಕ್ತು, ದೊಡ್ಡ ಕೆಲ್ಸ ಅಲ್ಲ, ಸೋಫಾ ಬಿಟ್ರಲ್ಲ ಅದೇ ದೊಡ್ದು. ಮಾರ್ನೇ ವರ್ಷ ಅಮಾಸೆ ಹಿಂದಿನ ಶನಿವಾರ ಬೆಳಗಿನ ಜಾವ ಟ್ರಕ್ಕು ಬಂತು, ಹೋದ್ರು ಇಬ್ರೇ, ತಂದಿದ್ದು ಒಂದೇ ಹಕ್ಕಿ. ಸಾಕಾಗಿತ್ತು. ಎರಡು ಎಲೆ ಹಾಕ್ದೆ. ವಾಲ್ಟ್ ಇಸ್ತ್ರಿ ಮಾಡಿದ ಷರ್ಟು ಹಾಕ್ಕೊಂಡು ಬಂದಿದ್ದ, ಕೈಯಾಗೆ ಒಣಗಿದ ಏಪ್ರಿಕಾಟ್ ಪೊಟ್ಣ, ಡ್ಯಾನಿ ಚಿಕ್ಕೋನಾಗಿದ್ದಾಗ ಒಣಗಕ್ಕಿಟ್ಟಿದ್ದ ತಟ್ಟೆಯಿಂದ ಕದ್ದು ತಿಂತಿದ್ನಂತೆ. ಎಲೆ ತುದೀಲಿ ಇಟ್ಟ. ಎಡೆ ಇಟ್ಟ ಮೇಲೆ ಹಿರೇರು ಬಂದು ಉಣ್ಲಿ ಅಂತ ಬಾಗ್ಲು ಮುಂದಕ್ಕೆಳ್ಕೊಂಡು ನಾವು ಆಚೆ ನಿಲ್ಬೇಕಲ್ಲ, ನಿಂತ್ವಿ, ಅಪಾರ್ಟ್‌ಮೆಂಟಿನ ಉದ್ದದ ವರಾಂಡದ ತುಂಬಾ ನಮ್ ಜನ. ಸ್ವಲ್ಪ ಹೊತ್ತಾದ ಮೇಲೆ ಬಾಗ್ಲು ತಟ್ಟಿ ಒಳಗೆ ಹೋಗೋದು. ನಿಮ್ ತಾತ ತಟ್ಟಕ್ಕೆ ಕೈ ಎತ್ತಿದ್ರು. ವಾಲ್ಟ್ ಆ ಕೈ ಹಿಡ್ಕೊಂಡ. "ರಾಜ್, ಒಂದ್ ನಿಮಿಷ. ಡ್ಯಾನಿ ಬಾಳ ನಿಧಾನಕ್ಕೆ ತಿನ್ನೋನು" ಅಂದ. ಸಾರಿನ ವಾಸ್ನೆ ಹೊರಗೆ ಬರ್ತೈತೆ, ಮಕ್ಳು ಹಸಿವು ಅಂತ ಕುಯ್‌ಗುಟ್ತಾವೆ, ಬಿಸಿ ಮುದ್ದೆ ಆರ್ತೈತೆ, ಆದ್ರೂ ಒಬ್ರೂ ಬಾಗ್ಲಿಗೆ ಕೈ ಹಾಕ್ಲಿಲ್ಲ. ನಿಂತೇ ಇದ್ವಿ. ಕೊನೇಗೆ ವಾಲ್ಟೇ ತನ್ನ ಕೈಯಿಂದ ಬಾಗ್ಲು ತಟ್ಟಿದ.

ಅದಕ್ಕೇ ಹೇಳೋದು ಕನ್ಲಾ, ಸಿಕ್ಕಿದ್ದನ್ನ ನಾಯಿಗೂ ಪಾಲು ಹಾಕು, ಆದ್ರೆ ಜಾಗ ಮಾತ್ರ ಕರ್ಕೊಂಡ್ ಹೋದೋನ ಬಾಯಿಂದ್ಲೇ ಬರ್ಲಿ. ಹೂಂ, ಆಯ್ತಾ ಬೀನ್ಸು? ತತ್ತಾ ಇಲ್ಲಿ.